ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಮಲಗುವುದಿಲ್ಲ, ಮಲಗಿದರೆ ಏಳುವುದಿಲ್ಲ: ಸಸ್ಪೆಂಡ್ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಸಸ್ಪೆಂಡ್ (ಕಂಪ್ಯೂಟರನ್ನು ಆಫ್ ಮಾಡದೆ ಮಲಗಿಸುವುದು) ಕೆಟ್ಟಿದೆ ಎಂದು ಬರುವವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಅಪ್‌ಡೇಟ್ ಆಗಿರುತ್ತದೆ. ರಾತ್ರಿ ಮುಚ್ಚಿಟ್ಟ ಲ್ಯಾಪ್‌ಟಾಪ್ ಬೆಳಿಗ್ಗೆ ಏಳುವುದಿಲ್ಲ. ತಕ್ಷಣ ಎಲ್ಲೋ ಸಿಕ್ಕಿದ ನಾಲ್ಕೈದು ಕರ್ನೆಲ್ (ಲಿನಕ್ಸ್‌ನ ತಿರುಳು) ಪ್ಯಾರಾಮೀಟರ್‌ಗಳನ್ನು ಒಟ್ಟಿಗೇ ಗ್ರಬ್‌ಗೆ (ಲಿನಕ್ಸ್ ಬೂಟ್ ಮಾಡಿಸುವ ಪ್ರೋಗ್ರಾಂ) ಸೇರಿಸುತ್ತಾರೆ, ಗ್ರಾಫಿಕ್ಸ್ ಡ್ರೈವರ್ ಕಿತ್ತು ಹಾಕುತ್ತಾರೆ, ಬಯಾಸ್‌ನಲ್ಲೂ (ಮದರ್‌ಬೋರ್ಡ್‌ನೊಳಗಿನ ಸೆಟ್ಟಿಂಗ್) ಕೈಯಾಡಿಸುತ್ತಾರೆ. ಆಮೇಲೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಯಾಯಿತು ಎಂದು ಅವರಿಗೂ ಗೊತ್ತಾಗುವುದಿಲ್ಲ, ಸಹಾಯಕ್ಕೆ ಕೂತವರಿಗೂ ಗೊತ್ತಾಗುವುದಿಲ್ಲ.

ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಮೊದಲು ಲಕ್ಷಣ, ಆಮೇಲೆ ಹಳೆಯ ಕರ್ನೆಲ್, ಆಮೇಲೆ ಲಾಗ್ (ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ). ಬದಲಾವಣೆ ಕೊನೆಗೆ. ಅದೂ ಒಂದು ಸಲಕ್ಕೆ ಒಂದೇ.

ಇಲ್ಲಿ ಉಬುಂಟು 24.04 ಅನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಇತರ ಲಿನಕ್ಸ್‌ಗಳಾದ ಫೆಡೋರಾ, ಆರ್ಚ್ ಬೇರೆಯಾಗುವ ಕಡೆ ಹೇಳುತ್ತೇನೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಿ. ದೊಡ್ಡಕ್ಷರ ಎಂದು ಹೇಳಿರುವ ಕಡೆ ಬಿಟ್ಟು ಉಳಿದದ್ದೆಲ್ಲ ಸಣ್ಣಕ್ಷರ. ಗೆರೆ, ಅಡಿಗೆರೆ, ಅಂಕಿ ಎಲ್ಲವೂ ಇಲ್ಲಿ ಕಾಣುವಂತೆಯೇ ಇರಲಿ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದದ್ದು

ಇನ್ನೊಂದು ಕಂಪ್ಯೂಟರ್, ಅಥವಾ ಟರ್ಮಕ್ಸ್ (ಕಮಾಂಡ್ ಕೊಡುವ ಆ್ಯಪ್) ಹಾಕಿದ ಆಂಡ್ರಾಯ್ಡ್ ಫೋನ್. ಎರಡೂ ಒಂದೇ ವೈಫೈನಲ್ಲಿರಲಿ. ಕೆಟ್ಟಿರುವ ಕಂಪ್ಯೂಟರ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ ಸರ್ವರ್ (ನೆಟ್‌ವರ್ಕ್ ಮೂಲಕ ಒಳಗೆ ಬರಲು ಬಿಡುವ ಪ್ರೋಗ್ರಾಂ) ಹಾಕಿ, ಫೋನ್‌ನಿಂದ ಒಮ್ಮೆ ಒಳಗೆ ಹೋಗಿ ನೋಡಿ. ಪರದೆ ಕಪ್ಪಾದಾಗ ಕಂಪ್ಯೂಟರ್ ಸತ್ತಿದೆಯೋ, ಪರದೆ ಮಾತ್ರ ಸತ್ತಿದೆಯೋ ಎಂದು ತಿಳಿಯಲು ಇದೇ ದಾರಿ.

ಒಂದು ಲೈವ್ ಯುಎಸ್‌ಬಿ (ಅದರಿಂದಲೇ ಲಿನಕ್ಸ್ ಬೂಟ್ ಆಗುವ ಪೆನ್‌ಡ್ರೈವ್). ಒಂದು ನೋಟ್‌ಬುಕ್, ಪೆನ್ನು. ಪ್ರತಿ ಪ್ರಯತ್ನವನ್ನೂ ಬರೆದಿಡಿ: ಯಾವ ಕರ್ನೆಲ್, ಏನು ಬದಲಿಸಿದಿರಿ, ಏನಾಯಿತು. ಇದನ್ನು ಬಿಟ್ಟವರು ಎರಡನೇ ದಿನಕ್ಕೆ ದಾರಿ ತಪ್ಪುತ್ತಾರೆ.

ತೆರೆದಿರುವ ಫೈಲ್‌ಗಳನ್ನೆಲ್ಲ ಸೇವ್ ಮಾಡಿ. ಸಸ್ಪೆಂಡ್‌ನಲ್ಲಿ ನಿಮ್ಮ ಕೆಲಸವೆಲ್ಲ ರ‍್ಯಾಮ್‌ನಲ್ಲೇ ಇರುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಮಲಗಿರುವಾಗ ಕರೆಂಟ್ ಹೋದರೆ ಎಲ್ಲ ಹೋಯಿತು. ಆಮೇಲೆ ಅದು ಏಳುವುದಿಲ್ಲ, ಹೊಸದಾಗಿ ಬೂಟ್ ಆಗುತ್ತದೆ. ಇದನ್ನೇ ಸಸ್ಪೆಂಡ್ ದೋಷ ಎಂದುಕೊಂಡು ದಿನವಿಡೀ ಹುಡುಕಿದವರಿದ್ದಾರೆ. ಹಾಗಾಗಿ ಕರೆಂಟ್ ಹೋಗಿತ್ತಾ ಎಂದು ಮನೆಯವರನ್ನು ಮೊದಲು ಕೇಳಿ.

ಕಂಪ್ಯೂಟರ್ ಹೆಪ್ಪುಗಟ್ಟಿದಾಗ ಪವರ್ ಬಟನ್ ಒತ್ತಿ ಹಿಡಿಯುವುದು ಕೊನೆಯ ಉಪಾಯ. ಉಬುಂಟುವಿನಲ್ಲಿ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಒತ್ತಿ ಹಿಡಿದು ಎಸ್, ಯು, ಬಿ ಎಂದು ಒಂದೊಂದಾಗಿ, ನಡುವೆ ಎರಡು ಸೆಕೆಂಡ್ ಬಿಟ್ಟು ಒತ್ತಿ. ಡೇಟಾ ಡಿಸ್ಕ್‌ಗೆ ಬರೆದು, ಡಿಸ್ಕ್ ಅನ್ನು ಓದಲು ಮಾತ್ರ ಮಾಡಿ, ರೀಬೂಟ್ ಆಗುತ್ತದೆ. ಫೆಡೋರಾದಲ್ಲಿ ಹಾಗೇ ಬಿಟ್ಟರೆ ಎಸ್ ಮಾತ್ರ ನಡೆಯುತ್ತದೆ, ಉಳಿದೆರಡನ್ನು ಮೊದಲೇ ಚಾಲೂ ಮಾಡಿಕೊಳ್ಳಬೇಕು.

ಹಂತ 1: ಲಕ್ಷಣ ಯಾವುದು ಎಂದು ನಿರ್ಧರಿಸಿ

"ಸಸ್ಪೆಂಡ್ ಆಗ್ತಿಲ್ಲ" ಎಂಬ ಒಂದೇ ಮಾತಿನೊಳಗೆ ಐದು ಬೇರೆ ಬೇರೆ ಕಾಯಿಲೆಗಳಿವೆ. ಒಂದು, ಮಲಗಲೇ ಒಪ್ಪುವುದಿಲ್ಲ. ಎರಡು, ಮಲಗಿದ ತಕ್ಷಣ ತಾನೇ ಏಳುತ್ತದೆ. ಮೂರು, ಮಲಗುತ್ತದೆ, ಆದರೆ ಏಳುವುದಿಲ್ಲ. ನಾಲ್ಕು, ಏಳುತ್ತದೆ, ಆದರೆ ವೈಫೈ, ಸೌಂಡ್ ಅಥವಾ ಟಚ್‌ಪ್ಯಾಡ್ ಇರುವುದಿಲ್ಲ. ಐದು, ಮಲಗಿದಂತೆ ಕಾಣುತ್ತದೆ, ಆದರೆ ಬ್ಯಾಗ್‌ನಲ್ಲಿ ಬಿಸಿಯಾಗಿ ಬ್ಯಾಟರಿ ಖಾಲಿಯಾಗುತ್ತದೆ.

ಮೂರನೆಯದರಲ್ಲಿ ಇನ್ನೊಂದು ಕವಲಿದೆ. ಪರದೆ ಕಪ್ಪಾಗಿದ್ದಾಗ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಕರ್ನೆಲ್ ಬದುಕಿದೆ. ಈಗ ಫೋನ್‌ನಿಂದ ಎಸ್‌ಎಸ್‌ಎಚ್ ಮಾಡಿ. ಒಳಗೆ ಹೋಗಲು ಬಂದರೆ ಗ್ರಾಫಿಕ್ಸ್ ಮಾತ್ರ ಎದ್ದಿಲ್ಲ ಎಂದರ್ಥ, ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಯಿತು. ದೀಪವೂ ಇಲ್ಲ, ಎಸ್‌ಎಸ್‌ಎಚ್ ಕೂಡ ಇಲ್ಲ ಎಂದರೆ ಇಡೀ ಸಿಸ್ಟಮ್ ನಿಂತಿದೆ.

ಹಂತ 2: ಅಪ್‌ಡೇಟ್‌ನಲ್ಲಿ ನಿಜಕ್ಕೂ ಏನು ಬದಲಾಯಿತು?

ಊಹಿಸಬೇಡಿ, ಓದಿ. ಉಬುಂಟುವಿನಲ್ಲಿ ದಿನಾಂಕದ ಸಮೇತ ಎಲ್ಲ ದಾಖಲಾಗಿರುತ್ತದೆ:

ಲೆಸ್ /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್

ಫೆಡೋರಾದಲ್ಲಿ "ಡಿಎನ್‌ಎಫ್ ಹಿಸ್ಟರಿ", ಆರ್ಚ್‌ನಲ್ಲಿ ಅದೇ ಲಾಗ್ ಫೋಲ್ಡರ್‌ನಲ್ಲಿರುವ ಪ್ಯಾಕ್‌ಮ್ಯಾನ್ ಲಾಗ್. ಸಸ್ಪೆಂಡ್ ಕೆಟ್ಟ ದಿನದ ಆಸುಪಾಸಿನಲ್ಲಿ ನಾಲ್ಕು ಹೆಸರು ಹುಡುಕಿ: ಕರ್ನೆಲ್, ಲಿನಕ್ಸ್ ಫರ್ಮ್‌ವೇರ್ (ಹಾರ್ಡ್‌ವೇರ್‌ನೊಳಗೆ ಓಡುವ ಸಾಫ್ಟ್‌ವೇರ್), ಎನ್ವಿಡಿಯಾ ಗ್ರಾಫಿಕ್ಸ್ ಡ್ರೈವರ್, ಸಿಸ್ಟಮ್‌ಡಿ (ಹಿನ್ನೆಲೆ ಸೇವೆಗಳನ್ನೂ ಮಲಗಿಸುವುದನ್ನೂ ನೋಡಿಕೊಳ್ಳುವ ಪ್ರೋಗ್ರಾಂ). ಶಂಕೆ ಇವುಗಳ ಮೇಲೇ ಜಾಸ್ತಿ.

"ನಾನು ವರ್ಷನ್ ಬದಲಿಸಿಲ್ಲ, ಮಾಮೂಲಿ ಅಪ್‌ಡೇಟ್ ಅಷ್ಟೇ" ಎನ್ನುವವರಿಗೆ ಒಂದು ಮಾತು. ಉಬುಂಟು 24.04 ಮೊದಲು ಬಂದಾಗ ಕರ್ನೆಲ್ 6.8 ಇತ್ತು. 2025ರ ಫೆಬ್ರವರಿಯಲ್ಲಿ 24.04.2 ಜೊತೆ 6.11 ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ 24.04.3 ಜೊತೆ 6.14. ಡೆಸ್ಕ್‌ಟಾಪ್‌ನಲ್ಲಿ ಈ ಜಿಗಿತ ಮಾಮೂಲಿ ಅಪ್‌ಡೇಟ್ ದಾರಿಯಲ್ಲೇ ಬರುತ್ತದೆ. ಈಗ ಓಡುತ್ತಿರುವುದು ಯಾವುದು ಎಂದು "ಯುನೇಮ್ -ಆರ್" ಹೇಳುತ್ತದೆ. ಅದನ್ನು ಬರೆದುಕೊಳ್ಳಿ.

ಇನ್ನೊಂದು ಪ್ರಶ್ನೆ: ಅಪ್‌ಡೇಟ್ ಆದ ಮೇಲೆ ರೀಬೂಟ್ ಮಾಡಿದ್ದೀರಾ? ಎನ್ವಿಡಿಯಾ ಡ್ರೈವರ್ ಅಪ್‌ಡೇಟ್ ಆಗಿ ರೀಬೂಟ್ ಆಗದಿದ್ದರೆ ಮೆಮೊರಿಯಲ್ಲಿ ಹಳೆಯ ಮಾಡ್ಯೂಲ್ (ಕರ್ನೆಲ್‌ಗೆ ಸೇರಿಕೊಳ್ಳುವ ಡ್ರೈವರ್ ತುಂಡು), ಡಿಸ್ಕ್‌ನಲ್ಲಿ ಹೊಸ ಲೈಬ್ರರಿ ಇರುತ್ತವೆ. "ಎನ್ವಿಡಿಯಾ-ಎಸ್‌ಎಂಐ" ಕೊಟ್ಟಾಗ ಡ್ರೈವರ್ ಮತ್ತು ಲೈಬ್ರರಿ ವರ್ಷನ್ ಹೊಂದುತ್ತಿಲ್ಲ ಎಂಬ ಸಂದೇಶ ಬಂದರೆ ಇದೇ ಕಾರಣ. ಆ ಸ್ಥಿತಿಯಲ್ಲಿ ಮಾಡುವ ಯಾವ ಪರೀಕ್ಷೆಗೂ ಬೆಲೆಯಿಲ್ಲ. ರೀಬೂಟ್ ಮಾಡಿ, ಆಮೇಲೆ ನೋಡಿ.

ಹಂತ 3: ಹಳೆಯ ಕರ್ನೆಲ್‌ನಲ್ಲಿ ಬೂಟ್ ಮಾಡಿ

ಎಲ್ಲರೂ ಬಿಟ್ಟು ಹೋಗುವ ಹಂತ ಇದು. ಐದು ನಿಮಿಷದ ಕೆಲಸ, ಆದರೆ ಇಷ್ಟು ಸ್ಪಷ್ಟ ಉತ್ತರ ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ. ಆನ್ ಮಾಡಿ ತಯಾರಕರ ಲೋಗೋ ಬಂದ ಕೂಡಲೇ ಎಸ್ಕೇಪ್ ಕೀ ಒಮ್ಮೆ ಒತ್ತಿ. ಹಳೆಯ ಬಯಾಸ್ ಇದ್ದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಮೆನು ಬರುತ್ತದೆ. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ, ಮೊದಲಿದ್ದ ಕರ್ನೆಲ್ ಆರಿಸಿ. ಫೆಡೋರಾ ಸಾಮಾನ್ಯವಾಗಿ ಮೂರು ಕರ್ನೆಲ್ ಇಟ್ಟುಕೊಂಡಿರುತ್ತದೆ. ಆರ್ಚ್‌ನಲ್ಲಿ ಹಳೆಯದು ಉಳಿದಿರುವುದಿಲ್ಲ, ಅಲ್ಲಿ ಲಿನಕ್ಸ್-ಎಲ್‌ಟಿಎಸ್ ಪ್ಯಾಕೇಜ್ ಹಾಕಿ ಅದರಿಂದ ಬೂಟ್ ಮಾಡಿ.

ಒಂದು ಸಲ ಮಲಗಿ ಎದ್ದರೆ ಸಾಲದು. ಮೂರು ಸಲ ಮಾಡಿ. ಅದರಲ್ಲಿ ಒಂದು ಸಲವಾದರೂ ಹತ್ತು ನಿಮಿಷ ಮಲಗಿರಲಿ.

ಹಳೆಯದರಲ್ಲಿ ಸರಿಯಿದ್ದು ಹೊಸದರಲ್ಲಿ ಮಾತ್ರ ಕೆಟ್ಟರೆ, ದೋಷ ಕರ್ನೆಲ್‌ನದು ಅಥವಾ ಆ ಕರ್ನೆಲ್‌ಗೆ ಕಟ್ಟಿಕೊಂಡ ಡ್ರೈವರ್‌ನದು. ಎರಡರಲ್ಲೂ ಕೆಟ್ಟಿದ್ದರೆ ಕರ್ನೆಲ್ ಮೇಲಿನ ಶಂಕೆ ಬಿಡಿ. ಫರ್ಮ್‌ವೇರ್, ಸಿಸ್ಟಮ್‌ಡಿ, ಡೆಸ್ಕ್‌ಟಾಪ್ ಸೆಟ್ಟಿಂಗ್ ಕಡೆ ತಿರುಗಿ.

ಇಲ್ಲಿ ಆಗುವ ದೊಡ್ಡ ತಪ್ಪು: ಜಾಗ ಉಳಿಸಲೆಂದು ಆಟೋರಿಮೂವ್ ಕೊಟ್ಟು ಹಳೆಯ ಕರ್ನೆಲ್ ಅನ್ನೇ ಅಳಿಸಿಬಿಡುವುದು. ಸಮಸ್ಯೆ ಬಗೆಹರಿಯುವವರೆಗೆ ಆ ಕಮಾಂಡ್ ಮುಟ್ಟಬೇಡಿ.

ಹಂತ 4: ಅಲಾರಾಂ ಇಟ್ಟು ಮಲಗಿಸಿ

ಪ್ರತಿ ಸಲ ಮುಚ್ಚಳ ಮುಚ್ಚಿ ತೆರೆಯುತ್ತಾ ಕೂತರೆ ಎರಡು ಸಮಸ್ಯೆ ಬೆರೆತುಹೋಗುತ್ತವೆ: ಮುಚ್ಚಳದ ಸಂಕೇತದ್ದು ಒಂದು, ಸಸ್ಪೆಂಡ್‌ನದೇ ಇನ್ನೊಂದು. ಬೇರೆ ಮಾಡಲು ಈ ಕಮಾಂಡ್ ಇದೆ:

ಸುಡೊ ಆರ್‌ಟಿಸಿವೇಕ್ -ಎಂ ಮೆಮ್ -ಎಸ್ 30

ಕಂಪ್ಯೂಟರ್ ಮಲಗಿ, 30 ಸೆಕೆಂಡ್ ಆದ ಮೇಲೆ ತನ್ನೊಳಗಿನ ಗಡಿಯಾರದಿಂದ ತಾನೇ ಏಳಬೇಕು. ಇದು ಸಿಸ್ಟಮ್‌ಡಿಯನ್ನು ದಾಟಿ ನೇರ ಕರ್ನೆಲ್‌ಗೇ ಹೇಳುತ್ತದೆ. ಹಾಗಾಗಿ ಸಿಸ್ಟಮ್‌ಡಿಯ ಸಸ್ಪೆಂಡ್ ಸೇವೆಗಳು ಓಡುವುದಿಲ್ಲ. ಎನ್ವಿಡಿಯಾ ಡ್ರೈವರ್ ಆ ಸೇವೆಗಳನ್ನು ನಂಬಿಕೊಂಡಿರುವುದರಿಂದ, ಅಂಥ ಕಂಪ್ಯೂಟರ್‌ನಲ್ಲಿ ಈ ಪರೀಕ್ಷೆ ಸುಮ್ನೆ ಸೋತಂತೆ ಕಾಣಬಹುದು. ಅಲ್ಲಿ ಹೀಗೆ ಮಾಡಿ: ಮೊದಲು ಅಲಾರಾಂ ಮಾತ್ರ ಇಡಿ, ಆಮೇಲೆ ಮಾಮೂಲಿಯಂತೆ ಮಲಗಿಸಿ.

ಸುಡೊ ಆರ್‌ಟಿಸಿವೇಕ್ -ಎಂ ನೊ -ಎಸ್ 60
ಸಿಸ್ಟಮ್‌ಸಿಟಿಎಲ್ ಸಸ್ಪೆಂಡ್

ಎನ್ವಿಡಿಯಾ ಇಲ್ಲದವರೂ ಎರಡನ್ನೂ ಮಾಡಿ ನೋಡಿ. ಮೊದಲನೆಯದು ಸರಿಯಾಗಿ ನಡೆದು ಎರಡನೆಯದು ಮಾತ್ರ ಕೆಟ್ಟರೆ, ಕರ್ನೆಲ್ ಚೆನ್ನಾಗಿದೆ, ತೊಂದರೆ ಸಿಸ್ಟಮ್‌ಡಿಯ ಭಾಗದಲ್ಲಿದೆ. ಎರಡೂ ಸರಿಯಿದ್ದು ಮುಚ್ಚಳ ಮುಚ್ಚಿದಾಗ ಮಾತ್ರ ಕೆಟ್ಟರೆ, ಮುಚ್ಚಳದ ಸೆಟ್ಟಿಂಗ್ ನೋಡಿದರೆ ಸಾಕು.

ಹಂತ 5: ಲಾಗ್ ಓದುವುದು ಹೇಗೆ

ಸಸ್ಪೆಂಡ್ ಕೆಟ್ಟು, ಆದರೆ ಕಂಪ್ಯೂಟರ್ ಇನ್ನೂ ಓಡುತ್ತಿದ್ದರೆ ಈಗಿನ ಬೂಟ್‌ನ ಲಾಗ್ ನೋಡಿ:

ಸುಡೊ ಜರ್ನಲ್‌ಸಿಟಿಎಲ್ -ಕೆ -ಬಿ

ರೀಬೂಟ್ ಮಾಡಬೇಕಾಗಿ ಬಂದಿದ್ದರೆ ಹಿಂದಿನ ಬೂಟ್‌ನದು:

ಸುಡೊ ಜರ್ನಲ್‌ಸಿಟಿಎಲ್ -ಕೆ -ಬಿ -1

ಅದರಲ್ಲಿ "ಪಿಎಂ: ಸಸ್ಪೆಂಡ್ ಎಂಟ್ರಿ" ಎಂಬ ಸಾಲು ಹುಡುಕಿ. ಅದು ಮಲಗಲು ಶುರುವಾದ ಗಳಿಗೆ. ಅದರ ಜೋಡಿ "ಪಿಎಂ: ಸಸ್ಪೆಂಡ್ ಎಕ್ಸಿಟ್". ಎಲ್ಲ ಸರಿಯಿದ್ದರೆ ಎರಡೂ ಇರುತ್ತವೆ. ಎಂಟ್ರಿ ಸಾಲೇ ಇಲ್ಲದಿದ್ದರೆ ಕರ್ನೆಲ್‌ವರೆಗೆ ವಿಷಯ ಹೋಗಿಯೇ ಇಲ್ಲ, ಮೇಲೆಯೇ ಯಾರೋ ತಡೆದಿದ್ದಾರೆ.

ಎಂಟ್ರಿ ಇದ್ದು ಆಮೇಲೆ ಏನೂ ಇಲ್ಲದಿದ್ದರೆ ಏಳುವ ಮುಂಚೆ ಸತ್ತಿದೆ. ಇಲ್ಲೊಂದು ಎಚ್ಚರಿಕೆ ಬೇಕು. ಮಲಗುವಾಗ ಎಲ್ಲ ಪ್ರೋಗ್ರಾಂಗಳನ್ನೂ ನಿಲ್ಲಿಸಲಾಗುತ್ತದೆ. ಲಾಗ್ ಬರೆಯುವ ಪ್ರೋಗ್ರಾಂ ಕೂಡ ಅದರಲ್ಲಿ ಸೇರಿದೆ. ಆಮೇಲಿನ ಸಾಲುಗಳು ಡಿಸ್ಕ್‌ಗೆ ತಲುಪುವುದೇ ಇಲ್ಲ. ಆದ್ದರಿಂದ ಲಾಗ್‌ನಲ್ಲಿ ಕೊನೆಗೆ ಕಾಣುವ ಡ್ರೈವರ್ ಹೆಸರೇ ಅಪರಾಧಿ ಎಂದು ತಿಳಿಯಬೇಡಿ. ಪಾಪದ ಬ್ಲೂಟೂತ್ ಡ್ರೈವರ್ ಅನ್ನು ಹೀಗೆ ಎಷ್ಟೋ ಜನ ಸುಮ್ನೆ ಕಿತ್ತು ಹಾಕಿದ್ದಾರೆ.

ನಡುವೆ ಕಾಣಬಹುದಾದ ಇತರ ಸುಳಿವುಗಳು:

ಪ್ರೋಗ್ರಾಂಗಳನ್ನು ಫ್ರೀಜ್ ಮಾಡಲು 20 ಸೆಕೆಂಡ್ ಆದರೂ ಆಗಲಿಲ್ಲ ಎಂಬ ಸಾಲು. ಅದರ ಕೆಳಗೇ ಒಪ್ಪದ ಪ್ರೋಗ್ರಾಂನ ಹೆಸರಿರುತ್ತದೆ. ನೆಟ್‌ವರ್ಕ್ ಮೂಲಕ ಜೋಡಿಸಿದ ಡ್ರೈವ್ ಇದಕ್ಕೆ ತೀರಾ ಸಾಮಾನ್ಯ ಕಾರಣ. ಎನ್‌ಎಫ್‌ಎಸ್ ಅಥವಾ ಎಸ್‌ಎಸ್‌ಎಚ್‌ಎಫ್‌ಎಸ್ ಇದ್ದರೆ ಅದನ್ನು ಬಿಡಿಸಿ, ಮತ್ತೆ ಮಲಗಿಸಿ ನೋಡಿ.

ಕೆಲವು ಡಿವೈಸ್‌ಗಳು ಮಲಗಲಿಲ್ಲ, ಅಥವಾ ಬೇಗನೇ ಎಬ್ಬಿಸುವ ಸಂಕೇತ ಬಂತು ಎಂಬ ಸಾಲು. ಇದು ಬಂದರೆ ರೀಬೂಟ್ ಮಾಡುವ ಮುಂಚೆಯೇ ಈ ಫೈಲ್ ಓದಿ, ರೀಬೂಟ್ ಆದರೆ ಅಳಿಸಿಹೋಗುತ್ತದೆ:

ಕ್ಯಾಟ್ /ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್/ಲಾಸ್ಟ್_ಫೇಲ್ಡ್_ಡೆವ್

ಕೊನೆಯದಾಗಿ ಸೋತ ಡಿವೈಸ್‌ನ ಹೆಸರು ನೇರವಾಗಿ ಸಿಗುತ್ತದೆ. ಪಕ್ಕದಲ್ಲೇ ಇರುವ "ಲಾಸ್ಟ್_ಫೇಲ್ಡ್_ಸ್ಟೆಪ್" ಯಾವ ಘಟ್ಟದಲ್ಲಿ ಸೋತಿತು ಎಂದು ಹೇಳುತ್ತದೆ.

ಹಂತ 6: ಎಲ್ಲಿ ಸಾಯುತ್ತದೆ ಎಂದು ಹಿಡಿಯಿರಿ

ಲಾಗ್‌ನಿಂದ ಏನೂ ತಿಳಿಯದವರಿಗೆ ಮಾತ್ರ ಈ ಹಂತ. ಕರ್ನೆಲ್‌ನಲ್ಲೇ ಇದಕ್ಕೊಂದು ಪರೀಕ್ಷೆ ಇದೆ. ಮಲಗುವ ದಾರಿಯಲ್ಲಿ ನೀವು ಹೇಳಿದ ಘಟ್ಟದವರೆಗೆ ಹೋಗಿ, ಅಲ್ಲೇ 5 ಸೆಕೆಂಡ್ ನಿಂತು ವಾಪಸ್ ಬರುತ್ತದೆ. ನಿಜವಾಗಿ ಮಲಗುವುದಿಲ್ಲ.

ಎಕೋ ಫ್ರೀಜರ್ | ಸುಡೊ ಟೀ /ಸಿಸ್/ಪವರ್/ಪಿಎಂ_ಟೆಸ್ಟ್
ಸಿಸ್ಟಮ್‌ಸಿಟಿಎಲ್ ಸಸ್ಪೆಂಡ್

ವಾಪಸ್ ಬಂದರೆ "ಫ್ರೀಜರ್" ಜಾಗದಲ್ಲಿ "ಡಿವೈಸಸ್" ಹಾಕಿ. ಆಮೇಲೆ "ಪ್ಲಾಟ್‌ಫಾರ್ಮ್", "ಪ್ರೊಸೆಸರ್ಸ್", "ಕೋರ್". ಇದೇ ಕ್ರಮದಲ್ಲಿ ಹೋಗಿ. ಯಾವ ಘಟ್ಟದಲ್ಲಿ ಹೆಪ್ಪುಗಟ್ಟುತ್ತದೋ ತೊಂದರೆ ಅಲ್ಲಿ. ನಿಮ್ಮದು ಎಸ್2ಐಡಲ್ ರೀತಿಯಲ್ಲಿ ಮಲಗುವ ಲ್ಯಾಪ್‌ಟಾಪ್ ಆಗಿದ್ದರೆ ಮೊದಲ ಮೂರು ಮಾತ್ರ ನಡೆಯುತ್ತವೆ. ಅದು ಯಾವ ರೀತಿ ಎಂದು ತಿಳಿಯುವುದನ್ನು ಮುಂದೆ ಹೇಳಿದ್ದೇನೆ.

"ಡಿವೈಸಸ್" ಘಟ್ಟದಲ್ಲಿ ಸಿಕ್ಕಿಕೊಂಡರೆ ಅದು ಡ್ರೈವರ್‌ನ ತೊಂದರೆ. ಮೊದಲು ಯುಎಸ್‌ಬಿಯಲ್ಲಿ ಚುಚ್ಚಿರುವುದನ್ನೆಲ್ಲ ಕಿತ್ತು ನೋಡಿ. ಆಮೇಲೆ ವೈಫೈ ಮಾಡ್ಯೂಲ್, ಆಮೇಲೆ ಬ್ಲೂಟೂತ್, ಒಂದೊಂದಾಗಿ ತೆಗೆದು ನೋಡಿ. "ಪ್ಲಾಟ್‌ಫಾರ್ಮ್" ಅಥವಾ ಅದರಾಚೆ ಸಿಕ್ಕಿಕೊಂಡರೆ ಬಯಾಸ್ ಅಪ್‌ಡೇಟ್ ಇದೆಯೇ ನೋಡಿ: "ಎಫ್‌ಡಬ್ಲ್ಯುಯುಪಿಡಿಎಂಜಿಆರ್ ಗೆಟ್-ಅಪ್‌ಡೇಟ್ಸ್".

ಮುಗಿದ ಮೇಲೆ ಅದೇ ಫೈಲ್‌ಗೆ "ನನ್" ಎಂದು ಬರೆಯಲೇಬೇಕು, ಎನ್ ಓ ಎನ್ ಇ. ಮರೆತರೆ ರೀಬೂಟ್ ಮಾಡುವವರೆಗೆ ಪ್ರತಿ ಸಲ ಮಲಗಿಸಿದಾಗಲೂ ಕಂಪ್ಯೂಟರ್ 5 ಸೆಕೆಂಡ್‌ಗೇ ಎದ್ದು ಬರುತ್ತದೆ, ನಿಮಗೆ ಹೊಸ ಸಮಸ್ಯೆ ಬಂದಂತೆ ಕಾಣುತ್ತದೆ.

ಹಂತ 7: ಲಕ್ಷಣಕ್ಕೆ ತಕ್ಕ ಪರಿಹಾರ

*ಮಲಗಲೇ ಒಪ್ಪದಿದ್ದರೆ*

ಯಾರು ತಡೆಯುತ್ತಿದ್ದಾರೆ ಎಂದು ಕೇಳಿ:

ಸಿಸ್ಟಮ್‌ಡಿ-ಇನ್‌ಹಿಬಿಟ್ --ಲಿಸ್ಟ್

"ಬ್ಲಾಕ್" ಎಂದು ಬರೆದಿರುವ ಸಾಲುಗಳನ್ನು ನೋಡಿ. "ಡಿಲೇ" ಎಂದಿದ್ದರೆ ಚಿಂತೆಯಿಲ್ಲ, ಅದು ಎರಡು ಕ್ಷಣ ತಡ ಮಾಡುತ್ತದೆ ಅಷ್ಟೇ. ಹೊರಗಿನ ಮಾನಿಟರ್ ಜೋಡಿಸಿರುವಾಗ ಮುಚ್ಚಳ ಮುಚ್ಚಿದರೆ ಮಲಗುವುದಿಲ್ಲ, ಅಲ್ವಾ? ಅದು ದೋಷವಲ್ಲ. ಸಿಸ್ಟಮ್‌ಡಿಯ ಡಿಫಾಲ್ಟ್ ಸೆಟ್ಟಿಂಗೇ ಹಾಗಿದೆ.

*ಮಲಗಿದ ತಕ್ಷಣ ಏಳುತ್ತಿದ್ದರೆ*

ಡೆಸ್ಕ್‌ಟಾಪ್‌ಗಳಲ್ಲಿ ಇದು ಜಾಸ್ತಿ. ಯಾವ ಡಿವೈಸ್‌ಗೆ ಎಬ್ಬಿಸುವ ಅಧಿಕಾರ ಇದೆ ಎಂದು ನೋಡಿ:

ಕ್ಯಾಟ್ /ಪ್ರಾಕ್/ಎಸಿಪಿಐ/ವೇಕಪ್

"ಎನೇಬಲ್ಡ್" ಎಂದಿರುವವೆಲ್ಲ ಎಬ್ಬಿಸಬಲ್ಲವು. ಎಕ್ಸ್‌ಎಚ್‌ಸಿ ಎಂದು ಶುರುವಾಗುವುದು ಯುಎಸ್‌ಬಿ. ಕೆಲವು ಎಎಂಡಿ ಮದರ್‌ಬೋರ್ಡ್‌ಗಳಲ್ಲಿ ಜಿಪಿಪಿ0 ಎಂಬುದು ಈ ಕಾಟ ಕೊಡುತ್ತದೆ. ಈ ಹೆಸರುಗಳು ದೊಡ್ಡಕ್ಷರದಲ್ಲಿರುತ್ತವೆ, ಪಟ್ಟಿಯಲ್ಲಿ ಕಂಡಂತೆಯೇ ಬರೆಯಿರಿ.

ಎಕೋ ಜಿಪಿಪಿ0 | ಸುಡೊ ಟೀ /ಪ್ರಾಕ್/ಎಸಿಪಿಐ/ವೇಕಪ್

ಇದು ಸ್ವಿಚ್ ಇದ್ದ ಹಾಗೆ. ಆನ್ ಇದ್ದರೆ ಆಫ್ ಮಾಡುತ್ತದೆ, ಆಫ್ ಇದ್ದರೆ ಆನ್. ಎರಡು ಸಲ ಕೊಟ್ಟರೆ ಮೊದಲಿನಂತೇ ಆಗುತ್ತದೆ. ಆದ್ದರಿಂದ ಪ್ರತಿ ಸಲ ಪಟ್ಟಿ ತೆರೆದು ಖಚಿತ ಮಾಡಿಕೊಳ್ಳಿ. "ಸುಡೊ ಎಕೋ" ಎಂದು ಬರೆದು ಬಾಣದ ಗುರುತು ಹಾಕಿದರೆ ಅನುಮತಿ ಇಲ್ಲ ಎನ್ನುತ್ತದೆ. ಸುಡೊದ ಬಲ ಎಕೋಗೆ ಸಿಗುತ್ತದೆ, ಬಾಣಕ್ಕೆ ಸಿಗುವುದಿಲ್ಲ. ಅದಕ್ಕೇ ಟೀ ಬೇಕು.

ಒಂದನ್ನು ಆಫ್ ಮಾಡಿ, ಮಲಗಿಸಿ ನೋಡಿ. ಆಗಲಿಲ್ಲವೇ, ಅದನ್ನು ವಾಪಸ್ ಆನ್ ಮಾಡಿ ಮುಂದಿನದಕ್ಕೆ ಹೋಗಿ. ನನ್ನ ಡೆಸ್ಕ್‌ಟಾಪ್‌ನಲ್ಲಿ ಅಪರಾಧಿ ಮೌಸ್ ಆಗಿತ್ತು. ಮೇಜು ಅಲುಗಿದರೆ ಸಾಕು, ಎದ್ದುಬಿಡುತ್ತಿತ್ತು. ನಿಮ್ಮದೂ ಹಾಗಿದ್ದರೆ ಇಡೀ ಯುಎಸ್‌ಬಿ ಆಫ್ ಮಾಡಬೇಡಿ, ಕೀಬೋರ್ಡ್‌ನಿಂದ ಎಬ್ಬಿಸಲೂ ಆಗುವುದಿಲ್ಲ. ಸಿಸ್ ಫೋಲ್ಡರ್‌ನೊಳಗೆ ಆ ಮೌಸ್‌ಗೇ ಇರುವ ಪವರ್ ಫೋಲ್ಡರ್‌ನ "ವೇಕಪ್" ಫೈಲ್‌ಗೆ "ಡಿಸೇಬಲ್ಡ್" ಎಂದು ಬರೆದರೆ ಸಾಕು.

ಈ ಬದಲಾವಣೆ ರೀಬೂಟ್ ಆದರೆ ಹೋಗುತ್ತದೆ. ಪರಿಹಾರ ಖಚಿತವಾದ ಮೇಲೆ, ಬೂಟ್ ಆಗುವಾಗ ಒಮ್ಮೆ ಓಡುವ ಒಂದು ಸಣ್ಣ ಸಿಸ್ಟಮ್‌ಡಿ ಸೇವೆಯಾಗಿ ಅದನ್ನು ಇಟ್ಟುಕೊಳ್ಳಿ.

*ಮಲಗಿ ಏಳದಿದ್ದರೆ, ಅಥವಾ ಪರದೆ ಕಪ್ಪಾಗಿಯೇ ಇದ್ದರೆ*

ಮೊದಲು ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಅಕ್ಷರಗಳ ಲಾಗಿನ್ ಪರದೆ ಬಂದರೆ ಡೆಸ್ಕ್‌ಟಾಪ್ ಮಾತ್ರ ಸಿಕ್ಕಿಕೊಂಡಿದೆ.

ಎನ್ವಿಡಿಯಾ ಇರುವವರು ಇದೇ ಕ್ರಮದಲ್ಲಿ ನೋಡಿ. "ಡಿಕೆಎಂಎಸ್ ಸ್ಟೇಟಸ್" (ಪ್ರತಿ ಕರ್ನೆಲ್‌ಗೂ ಡ್ರೈವರ್ ಕಟ್ಟಿಕೊಡುವ ಸಾಧನ ಡಿಕೆಎಂಎಸ್) ಕೊಟ್ಟು, ಈಗಿನ ಕರ್ನೆಲ್‌ಗೆ ಡ್ರೈವರ್ ಕಟ್ಟಲ್ಪಟ್ಟಿದೆಯೇ ನೋಡಿ. ಕರ್ನೆಲ್ ಹೆಡರ್ ಪ್ಯಾಕೇಜ್ ಬಂದಿಲ್ಲದಿದ್ದರೆ ಕರ್ನೆಲ್ ಹೊಸದಾಗಿರುತ್ತದೆ, ಡ್ರೈವರ್ ಇರುವುದೇ ಇಲ್ಲ. ಡಿಕೆಎಂಎಸ್ ಬಳಸದೆ ಉಬುಂಟುವಿನ ಸಿದ್ಧ ಮಾಡ್ಯೂಲ್ ಹಾಕಿಕೊಂಡಿದ್ದರೆ ಅಲ್ಲಿ ಏನೂ ಕಾಣುವುದಿಲ್ಲ. ಆಗ "ಎನ್ವಿಡಿಯಾ-ಎಸ್‌ಎಂಐ" ಓಡಿದರೆ ಸಾಕು, ಡ್ರೈವರ್ ಇದೆ ಎಂದರ್ಥ.

ಆಮೇಲೆ ಮೂರು ಸೇವೆಗಳು ಚಾಲೂ ಇವೆಯೇ ನೋಡಿ:

ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್ ಎನ್ವಿಡಿಯಾ-ಸಸ್ಪೆಂಡ್ ಎನ್ವಿಡಿಯಾ-ರೆಸ್ಯೂಮ್ ಎನ್ವಿಡಿಯಾ-ಹೈಬರ್ನೇಟ್

ನಂತರ /ಪ್ರಾಕ್/ಡ್ರೈವರ್/ಎನ್ವಿಡಿಯಾ/ಪ್ಯಾರಮ್ಸ್ ಫೈಲ್ ತೆರೆದು, ಪ್ರಿಸರ್ವ್ ವಿಡಿಯೊ ಮೆಮೊರಿ ಅಲೊಕೇಶನ್ಸ್ ಎಂಬ ಸಾಲಿನ ಬೆಲೆ ನೋಡಿ. ಅದು 1 ಆಗಿದ್ದು ಸೇವೆಗಳು ಆಫ್ ಇದ್ದರೆ ಡ್ರೈವರ್ ಮಲಗಲು ನಿರಾಕರಿಸುತ್ತದೆ. ಲಾಗ್‌ನಲ್ಲಿ "ಪ್ರಾಕ್‌ಎಫ್‌ಎಸ್ ಸಸ್ಪೆಂಡ್ ಇಂಟರ್‌ಫೇಸ್" ಎಂಬ ಮಾತು ಕಂಡರೆ ಇದೇ. ಸೇವೆಗಳನ್ನು ಎನೇಬಲ್ ಮಾಡಿ ರೀಬೂಟ್ ಮಾಡಿದರೆ ಮುಗಿಯಿತು. ಬೆಲೆ 0 ಇದ್ದು, ಎದ್ದ ಮೇಲೆ ಕಿಟಕಿಗಳು ಬಣ್ಣಗೆಟ್ಟು ಚೂರುಚೂರಾಗಿ ಕಂಡರೆ ಅದನ್ನು 1 ಮಾಡಬೇಕು. ಹಾಗೆ ಮಾಡಿದಾಗ ಗ್ರಾಫಿಕ್ಸ್ ಮೆಮೊರಿಯನ್ನೆಲ್ಲ ಒಂದು ಫೈಲ್‌ಗೆ ಬರೆಯಲಾಗುತ್ತದೆ. ಆ ಜಾಗ ರ‍್ಯಾಮ್‌ನಲ್ಲಿರುವ ಟೆಂಪ್ ಫೋಲ್ಡರ್ ಆಗಿರಬಾರದು, ಡಿಸ್ಕ್‌ನಲ್ಲಿರುವ /ವಾರ್/ಟೆಂಪ್ ಆಗಿರಬೇಕು. ಇಲ್ಲಿ ಟೆಂಪ್ ಎಂದರೆ ಟಿ ಎಂ ಪಿ, ಮೂರೇ ಅಕ್ಷರ. ಅಲ್ಲಿ ಗ್ರಾಫಿಕ್ಸ್ ಮೆಮೊರಿಗಿಂತ ಜಾಸ್ತಿ ಖಾಲಿ ಜಾಗ ಇರಲಿ.

ಸಿಸ್ಟಮ್‌ಡಿ 256 ಅಥವಾ ಅದಕ್ಕಿಂತ ಹೊಸದು ಬಂದ ಮೇಲೆ ಕೆಟ್ಟವರಿಗೆ ಬೇರೆ ಕಾರಣ ಇರಬಹುದು. 2024ರಲ್ಲಿ ಬಂದ ಆ ವರ್ಷನ್‌ನಿಂದ, ಮಲಗುವ ಮುಂಚೆ ಬಳಕೆದಾರರ ಸೆಷನ್ ಪೂರ್ತಿ ಫ್ರೀಜ್ ಆಗುತ್ತದೆ. ಕೆಲವು ಗ್ರಾಫಿಕ್ಸ್ ಡ್ರೈವರ್‌ಗಳಿಗೆ ಇದು ಹೊಂದಲಿಲ್ಲ. ಪರೀಕ್ಷಿಸಲು "ಸಿಸ್ಟಮ್‌ಸಿಟಿಎಲ್ ಎಡಿಟ್ ಸಿಸ್ಟಮ್‌ಡಿ-ಸಸ್ಪೆಂಡ್.ಸರ್ವಿಸ್" ಅನ್ನು ಸುಡೊ ಹಾಕಿ ತೆರೆಯಿರಿ. ಸರ್ವಿಸ್ ವಿಭಾಗದಲ್ಲಿ ಎನ್ವಿರಾನ್‌ಮೆಂಟ್ ಸಾಲು ಸೇರಿಸಿ (ಈ ಎರಡು ಪದಗಳ ಮೊದಲ ಅಕ್ಷರ ಮಾತ್ರ ದೊಡ್ಡಕ್ಷರ), ಸಿಸ್ಟಮ್‌ಡಿ_ಸ್ಲೀಪ್_ಫ್ರೀಜ್_ಯೂಸರ್_ಸೆಷನ್ಸ್ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆದು "ಫಾಲ್ಸ್" ಬೆಲೆ ಕೊಡಿ. ಉಬುಂಟು 24.04ರಲ್ಲಿ ಇರುವುದು ಸಿಸ್ಟಮ್‌ಡಿ 255. ಅಲ್ಲಿ ಇದರ ಅಗತ್ಯವಿಲ್ಲ, ಸೇರಿಸಿದರೂ ಉಪಯೋಗವಿಲ್ಲ.

*ಎದ್ದ ಮೇಲೆ ವೈಫೈ ಇಲ್ಲದಿದ್ದರೆ*

ಮಾಡ್ಯೂಲ್ ಅನ್ನು "ಮಾಡ್‌ಪ್ರೋಬ್ -ಆರ್" ಕೊಟ್ಟು ತೆಗೆದು, ಮತ್ತೆ ಹಾಕಿ. ಸರಿಹೋದರೆ ಆ ಎರಡು ಸಾಲನ್ನೇ ಸಿಸ್ಟಮ್‌ಡಿಯ "ಸಿಸ್ಟಮ್-ಸ್ಲೀಪ್" ಫೋಲ್ಡರ್‌ನಲ್ಲಿ ಸ್ಕ್ರಿಪ್ಟ್ ಆಗಿ ಇಡಿ. ಮಲಗುವ ಮುಂಚೆ ಅದಕ್ಕೆ "ಪ್ರೀ" ಎಂದೂ ಎದ್ದ ಮೇಲೆ "ಪೋಸ್ಟ್" ಎಂದೂ ಸಂದೇಶ ಬರುತ್ತದೆ. ಸ್ಕ್ರಿಪ್ಟ್‌ಗೆ ಓಡುವ ಅನುಮತಿ ಕೊಡಲು ಮರೆಯುವವರೇ ಹೆಚ್ಚು.

*ಬ್ಯಾಗ್‌ನಲ್ಲಿ ಬಿಸಿಯಾಗುತ್ತಿದ್ದರೆ*

ಮೊದಲು, ಇದು ಸರಿಹೋಗುವವರೆಗೆ ಲ್ಯಾಪ್‌ಟಾಪನ್ನು ಆಫ್ ಮಾಡಿಯೇ ಬ್ಯಾಗ್‌ಗೆ ಹಾಕಿ. ಗಾಳಿಯಾಡದ ಜಾಗದಲ್ಲಿ ಎಚ್ಚರವಾಗಿರುವ ಲ್ಯಾಪ್‌ಟಾಪ್ ಬ್ಯಾಟರಿಗೆ ಅಪಾಯ.

ಈಗ ಯಾವ ರೀತಿಯಲ್ಲಿ ಮಲಗುತ್ತಿದೆ ನೋಡಿ:

ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್

ಚೌಕ ಆವರಣದೊಳಗೆ ಇರುವುದೇ ಈಗ ಬಳಕೆಯಲ್ಲಿರುವುದು. "ಡೀಪ್" ಎಂದರೆ ರ‍್ಯಾಮ್‌ಗೆ ಮಾತ್ರ ಕರೆಂಟ್ ಕೊಟ್ಟು ಉಳಿದದ್ದನ್ನು ಆಫ್ ಮಾಡುವುದು. "ಎಸ್2ಐಡಲ್" ಎಂದರೆ ಎಲ್ಲವೂ ಆನ್ ಇದ್ದು ಒಂದೊಂದೂ ತಾನೇ ಆಳವಾದ ನಿದ್ದೆಗೆ ಹೋಗಬೇಕಾದ್ದು. ಒಂದೇ ಒಂದು ಡಿವೈಸ್ ಹಟ ಹಿಡಿದರೂ ಬ್ಯಾಟರಿ ಸೋರುತ್ತದೆ.

ಪಟ್ಟಿಯಲ್ಲಿ ಎರಡೂ ಇದ್ದರೆ ಆ ಫೈಲ್‌ಗೆ "ಡೀಪ್" ಎಂದು ಬರೆದು ಪರೀಕ್ಷಿಸಿ. ಎಸ್2ಐಡಲ್ ಒಂದೇ ಇದ್ದರೆ ಕರ್ನೆಲ್ ಪ್ಯಾರಾಮೀಟರ್ ಹಾಕಿ ಡೀಪ್ ತರಲು ಆಗುವುದಿಲ್ಲ. ಬಯಾಸ್ ಅದನ್ನು ಕೊಡುತ್ತಲೇ ಇಲ್ಲ. ಎಷ್ಟೋ ಜನ ಇಲ್ಲಿ ವಾರಗಟ್ಟಲೆ ಕಳೆಯುತ್ತಾರೆ. ಕೆಲವು ಥಿಂಕ್‌ಪ್ಯಾಡ್‌ಗಳ ಬಯಾಸ್‌ನಲ್ಲಿ ಸ್ಲೀಪ್ ಸ್ಟೇಟ್ ಎಂಬ ಆಯ್ಕೆ ಇರುತ್ತದೆ, ಅಲ್ಲಿ ಲಿನಕ್ಸ್ ಎಂದು ಆರಿಸಬಹುದು. ಅಂಥ ಆಯ್ಕೆ ಇಲ್ಲದಿದ್ದರೆ ಎಸ್2ಐಡಲ್ ಅನ್ನೇ ಸರಿಮಾಡಿಕೊಳ್ಳಬೇಕು.

ಹೊಸ ಕರ್ನೆಲ್‌ಗಳಲ್ಲಿ ಸಸ್ಪೆಂಡ್_ಸ್ಟ್ಯಾಟ್ಸ್ ಫೋಲ್ಡರ್‌ನೊಳಗೆ "ಲಾಸ್ಟ್_ಎಚ್‌ಡಬ್ಲ್ಯು_ಸ್ಲೀಪ್" ಎಂಬ ಫೈಲ್ ಇದೆ. ಕಳೆದ ಸಲ ಹಾರ್ಡ್‌ವೇರ್ ನಿಜಕ್ಕೂ ಎಷ್ಟು ಹೊತ್ತು ಆಳವಾಗಿ ಮಲಗಿತ್ತು ಎಂದು ಮೈಕ್ರೋಸೆಕೆಂಡ್‌ನಲ್ಲಿ ಹೇಳುತ್ತದೆ. ಒಂದು ಗಂಟೆ ಮಲಗಿಸಿ ಅದು 0 ಬಂದರೆ ಒಂದು ಕ್ಷಣವೂ ಮಲಗಿಲ್ಲ. ಎಎಂಡಿಯಲ್ಲಿ ಆಳವಾದ ಸ್ಥಿತಿ ಮುಟ್ಟಲಿಲ್ಲ ಎಂಬ ಸಾಲು ಲಾಗ್‌ನಲ್ಲೂ ಬರುತ್ತದೆ. ಆಗ ಯುಎಸ್‌ಬಿ ಡಾಕ್, ಎಸ್‌ಡಿ ಕಾರ್ಡ್, ಹೊರಗಿನ ಡಿಸ್ಕ್ ಎಲ್ಲ ತೆಗೆದು ಮತ್ತೆ ಅಳೆಯಿರಿ.

ಹಂತ 8: ಬದಲಾವಣೆಯನ್ನು ಶಾಶ್ವತ ಮಾಡುವುದು

ಕರ್ನೆಲ್ ಪ್ಯಾರಾಮೀಟರ್ ಬೇಕಾಗಿದ್ದರೆ ಮೊದಲು ಒಂದು ಬೂಟ್‌ಗೆ ಮಾತ್ರ ಹಾಕಿ ನೋಡಿ. ಗ್ರಬ್ ಮೆನುವಿನಲ್ಲಿ ಇ ಒತ್ತಿ, "ಲಿನಕ್ಸ್" ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಸೇರಿಸಿ, ಎಫ್10 ಒತ್ತಿ. ಕೆಟ್ಟರೆ ಮುಂದಿನ ಬೂಟ್‌ನಲ್ಲಿ ತಾನಾಗಿಯೇ ಹೋಗಿರುತ್ತದೆ.

ಮೂರು ದಿನ ಚೆನ್ನಾಗಿ ನಡೆದರೆ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲ್‌ನ ಒಂದು ಪ್ರತಿ ತೆಗೆದಿಟ್ಟು, ಅದರಲ್ಲಿ ಡಿಫಾಲ್ಟ್ ಕಮಾಂಡ್ ಲೈನ್ ಸಾಲಿನ ಉದ್ಧರಣ ಚಿಹ್ನೆಯೊಳಗೆ ಸೇರಿಸಿ. ಈಗಾಗಲೇ ಇರುವುದನ್ನು ಅಳಿಸಬೇಡಿ. ಆಮೇಲೆ "ಸುಡೊ ಅಪ್‌ಡೇಟ್-ಗ್ರಬ್" ಕೊಡಲೇಬೇಕು. ಫೆಡೋರಾದಲ್ಲಿ ಇದಕ್ಕೆ "ಗ್ರಬ್ಬಿ" ಇದೆ. ರೀಬೂಟ್ ಆದ ಮೇಲೆ /ಪ್ರಾಕ್/ಸಿಎಂಡಿಲೈನ್ ಫೈಲ್ ಓದಿ. ಅಲ್ಲಿ ಕಾಣದಿದ್ದರೆ ನಿಮ್ಮ ಬದಲಾವಣೆ ಜಾರಿಗೇ ಬಂದಿಲ್ಲ.

ಹಂತ 9: ಹೊಸ ಕರ್ನೆಲ್‌ನದೇ ದೋಷವಾದರೆ

ಹಂತ 3ರಲ್ಲಿ ಹಳೆಯ ಕರ್ನೆಲ್ ಸರಿಯಿದೆ ಎಂದು ಕಂಡು, ಬೇರೆ ಪರಿಹಾರ ಸಿಗದಿದ್ದರೆ ಸದ್ಯಕ್ಕೆ ಹಳೆಯದರಲ್ಲೇ ಇರುವುದು ಸರಿಯಾದ ನಿರ್ಧಾರ. ಕರ್ನೆಲ್‌ನ ಮುಖ್ಯ ಪ್ಯಾಕೇಜ್‌ಗೆ "ಆಪ್ಟ್-ಮಾರ್ಕ್ ಹೋಲ್ಡ್" ಹಾಕಿ. ಆದರೆ ಹೋಲ್ಡ್ ಇರುವಷ್ಟು ದಿನ ಕರ್ನೆಲ್‌ನ ಭದ್ರತಾ ಅಪ್‌ಡೇಟ್‌ಗಳೂ ನಿಲ್ಲುತ್ತವೆ. ಆದ್ದರಿಂದ ಹೋಲ್ಡ್ ಹಾಕಿದ ದಿನಾಂಕವನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ, ಫೋನ್‌ನಲ್ಲಿ ಎರಡು ವಾರಕ್ಕೊಂದು ರಿಮೈಂಡರ್ ಇಡಿ.

ಅದೇ ದಿನ ದೂರು ದಾಖಲಿಸಿ. ಕೆಟ್ಟ ಕರ್ನೆಲ್‌ನಲ್ಲಿ ಬೂಟ್ ಆಗಿರುವಾಗಲೇ "ಉಬುಂಟು-ಬಗ್ ಲಿನಕ್ಸ್" ಕೊಟ್ಟರೆ ಬೇಕಾದ ಮಾಹಿತಿ ತಾನೇ ಸೇರಿಕೊಳ್ಳುತ್ತದೆ. ಕಂಪ್ಯೂಟರ್ ಮಾದರಿ, ಬಯಾಸ್ ವರ್ಷನ್, ಸರಿಯಿದ್ದ ಕೊನೆಯ ಕರ್ನೆಲ್, ಕೆಟ್ಟ ಮೊದಲ ಕರ್ನೆಲ್, ಹಂತ 6ರಲ್ಲಿ ಸಿಕ್ಕಿದ ಘಟ್ಟ, ಇವಿಷ್ಟನ್ನೂ ಬರೆಯಿರಿ. "ಸಸ್ಪೆಂಡ್ ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದ ದೂರಿನಿಂದ ಯಾರೂ ಏನೂ ಮಾಡಲಾರರು. ಸರಿಯಿದ್ದ ಮತ್ತು ಕೆಟ್ಟ ವರ್ಷನ್ ಎರಡೂ ಇದ್ದರೆ ಡೆವಲಪರ್‌ಗಳಿಗೆ ಹುಡುಕುವ ಜಾಗ ಗೊತ್ತಾಗುತ್ತದೆ.

ಮುಂದಿನ ಕರ್ನೆಲ್ ಬಂದಾಗ ಹೋಲ್ಡ್ ತೆಗೆದು ಅದನ್ನು ಹಾಕಿಕೊಳ್ಳಿ, ಹಳೆಯದನ್ನು ಅಳಿಸದೆ ಉಳಿಸಿಕೊಳ್ಳಿ. ಹೊಸದರಲ್ಲಿ ಬೂಟ್ ಮಾಡುವಾಗ ನೀವು ಸೇರಿಸಿದ ಪ್ಯಾರಾಮೀಟರನ್ನು ಗ್ರಬ್ ಮೆನುವಿನಲ್ಲೇ ಒಮ್ಮೆ ತೆಗೆದು, ಹಂತ 4ರ ಅಲಾರಾಂ ಪರೀಕ್ಷೆಯನ್ನು ಮೂರು ಸಲ ಮಾಡಿ. ಮೂರೂ ಸಲ ಎದ್ದರೆ ಆ ಪ್ಯಾರಾಮೀಟರನ್ನು ಫೈಲ್‌ನಿಂದಲೂ ತೆಗೆದುಬಿಡಿ.